ಮೂರು ವರ್ಷದ ಆರೈಕೆ ದಂಡವೇ? ಹಾವೇರಿಯ ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ನಮಸ್ಕಾರ ಅಕ್ಕಾ,

ನಿಮ್ಮ ನಾಲ್ಕು ಪುಟದ ಕಾಗದ ಬಂದು ಹನ್ನೆರಡು ದಿನ ಆಯಿತು. ಉತ್ತರ ಬರೆಯಲು ಎರಡು ಸಲ ಕೂತು ಎದ್ದೆ. ತಪ್ಪು ನಮ್ಮದು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಬೇರೆ ಓದುಗರಿಗಾಗಿ ವಿಷಯ ಇಷ್ಟು. ಅಕ್ಟೋಬರ್ 29ರ ವಿಶ್ವ ಪಾರ್ಶ್ವವಾಯು ದಿನದ ಹೊತ್ತಿಗೆ ನಾವು ಲುಧಿಯಾನದ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ನರರೋಗ ತಜ್ಞ ಡಾ. ಜಯರಾಜ್ ಪಾಂಡಿಯನ್ ಅವರ ಸಂಶೋಧನೆ ಬಗ್ಗೆ ಒಂದು ಲೇಖನ ಹಾಕಿದ್ದೆವು. ಅದಕ್ಕೆ ನಾವು ಕೊಟ್ಟ ತಲೆಬರಹ ‘ಲಕ್ವ: ಮನೆಯವರ ಆರೈಕೆಯಿಂದ ಲಾಭವಿಲ್ಲ’. ಅದನ್ನು ಓದಿ ಹಾವೇರಿ ಜಿಲ್ಲೆಯ ಒಂದು ಹಳ್ಳಿಯಿಂದ ಈ ಅಕ್ಕ ಬರೆದಿದ್ದಾರೆ. ಮೂರು ವರ್ಷದ ಹಿಂದೆ ಅವರ ಅತ್ತೆಗೆ ಲಕ್ವ ಹೊಡೆಯಿತು. ಮೊದಲ ದಿನ ಪಕ್ಕದ ಊರಲ್ಲಿ ನಾಟಿ ಔಷಧಿ ಕೊಡಿಸಿದರು, ಯಾರೋ ಹೇಳಿದರು ಅಂತ ಪಾರಿವಾಳದ ರಕ್ತ ಹಚ್ಚಿದರು. ದೊಡ್ಡಾಸ್ಪತ್ರೆ ಮುಟ್ಟಿದ್ದು ಮಾರನೇ ದಿನ ಸಂಜೆ. ಅಲ್ಲಿಂದ ಇಲ್ಲಿಯವರೆಗೆ ಅತ್ತೆಯನ್ನು ಎಬ್ಬಿಸುವುದು, ಮೈ ತೊಳೆಯುವುದು, ಉಣಿಸುವುದು, ಕೈಕಾಲು ಆಡಿಸುವುದು ಎಲ್ಲ ಇವರೇ. ‘ಹಾಗಾದ್ರೆ ನಾನು ಮೂರು ವರ್ಷ ಮಾಡಿದ್ದು ದಂಡವೇ?’ ಅಂತ ಕೇಳಿದ್ದಾರೆ.

ಇಲ್ಲ ಅಕ್ಕಾ, ದಂಡ ಅಲ್ಲ. ಆ ಸಂಶೋಧನೆ ಹಾಗೆ ಹೇಳಿಯೇ ಇಲ್ಲ. ಹೇಳಿದ್ದು ನಮ್ಮ ತಲೆಬರಹ. ಲೇಖನ ಬರೆದವರು ಸರಿಯಾಗಿಯೇ ಬರೆದಿದ್ದರು, ಮೇಲಿನ ಸಾಲು ಕೂರಿಸಿದ್ದು ನಾನು.

ಆ ಪ್ರಯೋಗದಲ್ಲಿ ನಿಜವಾಗಿ ಏನು ಮಾಡಿದರು ಅಂತ ಹೇಳುತ್ತೇನೆ. ಅದರ ಹೆಸರು ಅಟೆಂಡ್. 2014ರಿಂದ 2016ರವರೆಗೆ ನಮ್ಮ ದೇಶದ 14 ಆಸ್ಪತ್ರೆಗಳಲ್ಲಿ ನಡೆಯಿತು. ಲಕ್ವ ಆಗಿ ಒಂದು ತಿಂಗಳೊಳಗಿದ್ದ 1,250 ರೋಗಿಗಳನ್ನು ಸೇರಿಸಿಕೊಂಡರು. ನೋಡಿಕೊಳ್ಳಲು ಮನೆಯವರು ಒಬ್ಬರು ಇರಲೇಬೇಕು ಅನ್ನುವುದು ಸೇರಿಸಿಕೊಳ್ಳುವಾಗಿನ ಷರತ್ತು. ಆಮೇಲೆ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಇನ್ನೊಂದಕ್ಕೆ ಮಾಮೂಲಿ ಚಿಕಿತ್ಸೆಯ ಜೊತೆಗೆ ಮನೆಯವರಿಗೆ ತರಬೇತಿ: ಹೇಗೆ ಕೂರಿಸಬೇಕು, ಯಾವ ಕೆಲಸ ಮತ್ತೆ ಮತ್ತೆ ಮಾಡಿಸಬೇಕು, ಈ ವಾರ ಯಾವ ಗುರಿ ಇಟ್ಟುಕೊಳ್ಳಬೇಕು ಅಂತ. ಆಸ್ಪತ್ರೆಯಲ್ಲೇ ಶುರುಮಾಡಿ, ಮನೆಗೆ ಹೋದ ಮೇಲೂ ಎರಡು ತಿಂಗಳವರೆಗೆ ಮುಂದುವರಿಸಿದರು. ಆರು ತಿಂಗಳಾದ ಮೇಲೆ ಎಷ್ಟು ಜನ ತೀರಿಕೊಂಡರು, ಎಷ್ಟು ಜನ ಇನ್ನೊಬ್ಬರ ಆಸರೆ ಇಲ್ಲದೆ ಬದುಕಲಾಗದ ಸ್ಥಿತಿಯಲ್ಲಿದ್ದಾರೆ ಅಂತ ನೋಡಿದರು. ಎರಡೂ ಸೇರಿಸಿದರೆ ತರಬೇತಿ ಇದ್ದ ಗುಂಪಿನಲ್ಲಿ ನೂರಕ್ಕೆ 47. ತರಬೇತಿ ಇಲ್ಲದ ಗುಂಪಿನಲ್ಲೂ ನೂರಕ್ಕೆ 47.

ಇದನ್ನೇ ನಾವು ‘ಲಾಭವಿಲ್ಲ’ ಅಂತ ಒಂದೇ ಏಟಿಗೆ ಬರೆದುಬಿಟ್ಟೆವು. ಆದರೆ ನೋಡಿ, ಎರಡೂ ಗುಂಪಿನಲ್ಲಿ ಮನೆಯವರು ಇದ್ದರು. ನಿಮ್ಮ ಹಾಗೆ ರಾತ್ರಿ ಎದ್ದು ಮಗ್ಗುಲು ಬದಲಿಸಿದವರು, ತುತ್ತು ಕಲಸಿ ಬಾಯಿಗಿಟ್ಟವರು ಎರಡೂ ಕಡೆ ಇದ್ದರು. ಮನೆಯವರೇ ಇಲ್ಲದ ಗುಂಪು ಆ ಪ್ರಯೋಗದಲ್ಲಿ ಇರಲೇ ಇಲ್ಲ. ಹಾಗಾಗಿ ಮನೆಯವರ ಆರೈಕೆ ಬೇಕೋ ಬೇಡವೋ ಅನ್ನುವ ಪ್ರಶ್ನೆಯನ್ನು ಅದು ಕೇಳಿಯೇ ಇಲ್ಲ. ಕೇಳಿದ್ದು ಬೇರೆ: ಫಿಸಿಯೋಥೆರಪಿಸ್ಟ್ ಮಾಡಬೇಕಾದ ಕೆಲಸವನ್ನು ಸ್ವಲ್ಪ ಕಲಿಸಿಕೊಟ್ಟು ಮನೆಯವರ ಕೈಗೆ ಒಪ್ಪಿಸಿದರೆ ಆಗುತ್ತಾ? ಉತ್ತರ, ಆಗಲಿಲ್ಲ.

ನನಗೆ ಇದು ಸೋತ ಸಂಶೋಧನೆ ಅಂತ ಅನ್ನಿಸುವುದಿಲ್ಲ. ಹಣ ಇರುವ ದೇಶಗಳಲ್ಲಿ ಲಕ್ವ ಆದವರ ಮನೆಗೆ ತರಬೇತಾದ ತಂಡ ಬರುತ್ತದೆ. ನಮ್ಮಲ್ಲಿ ಆ ತಂಡ ಇಲ್ಲ, ಸೊಸೆ ಇದ್ದಾಳೆ. ಅವಳಿಗೇ ಕಲಿಸಿಬಿಟ್ಟರೆ ಕಡಿಮೆ ಖರ್ಚಿನಲ್ಲಿ ಕೆಲಸ ಆಗಬಹುದು ಅನ್ನುವುದು ಕೆಟ್ಟ ಆಸೆಯೇನಲ್ಲ. ಪಾಂಡಿಯನ್ ಮತ್ತು ಸಿಡ್ನಿಯ ರಿಚರ್ಡ್ ಲಿಂಡ್ಲಿ ಅವರ ತಂಡ ಅದನ್ನು ಬರೀ ನಂಬಿ ಕೂರಲಿಲ್ಲ, ಅಳೆದು ನೋಡಿತು. ಕೆಲಸ ಆಗಲಿಲ್ಲ ಅಂತ ಗೊತ್ತಾದಾಗ ಮುಚ್ಚಿಡದೆ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಹಾಗೆಯೇ ಬರೆದರು. ಮನೆಯವರ ಮೇಲೆ ಈ ಹೊರೆ ಹಾಕುವ ಸೇವೆಗಳಿಗೆ ಈಗಿನ ಆಧಾರದ ಮೇಲೆ ಹಣ ಹಾಕಬೇಡಿ, ಅದರ ಬದಲು ಆರೋಗ್ಯ ಸಹಾಯಕರನ್ನೋ ಊರಿಗೇ ಬರುವ ತಂಡಗಳನ್ನೋ ಪರೀಕ್ಷಿಸಿ ನೋಡಿ ಅನ್ನುವುದು ಅವರ ಮಾತು. ನಾನು ಓದಿಕೊಂಡದ್ದು ಹೀಗೆ: ನಿಮ್ಮ ಅತ್ತೆ ನಡೆಯದೇ ಇದ್ದರೆ ಅದು ನಿಮ್ಮ ಕೈಯ ತಪ್ಪಲ್ಲ. ನಿಮ್ಮ ಜೊತೆಗೆ ಇನ್ನೊಬ್ಬರು ಇರಬೇಕಿತ್ತು, ಸಂಬಳ ತೆಗೆದುಕೊಳ್ಳುವ, ಕಲಿತು ಬಂದ ಒಬ್ಬರು. ಅವರು ನಿಮ್ಮೂರಿಗೆ ಬರಲಿಲ್ಲ.

‘ಮೊದಲೇ ದೊಡ್ಡಾಸ್ಪತ್ರೆಗೆ ಹೋಗಿದ್ದರೆ ಅತ್ತೆ ನಡೀತಿದ್ರಾ?’ ಅಂತಲೂ ಕೇಳಿದ್ದೀರಿ. ಎರಡು ಸಲ ನಾನು ಎದ್ದು ಹೋಗಿದ್ದು ಈ ಸಾಲು ಬಂದಾಗ.

ಸುಳ್ಳು ಸಮಾಧಾನ ಹೇಳುವುದಿಲ್ಲ. ಮೆದುಳಿಗೆ ಹೋಗುವ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಲಕ್ವ ಆಗಿದ್ದರೆ, ನಾಲ್ಕೂವರೆ ಗಂಟೆಯೊಳಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಹುದು. ರಕ್ತನಾಳ ಒಡೆದು ಆಗಿದ್ದರೆ ಅದೇ ಇಂಜೆಕ್ಷನ್ ಜೀವಕ್ಕೇ ಅಪಾಯ. ಯಾವುದು ಅಂತ ಹೊರಗಿಂದ ನೋಡಿ ಹೇಳಲು ಬರುವುದಿಲ್ಲ, ಸಿ.ಟಿ. ಸ್ಕ್ಯಾನ್ ಬೇಕೇ ಬೇಕು. ದೊಡ್ಡ ನಾಳ ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಅಂತ ಲೆಕ್ಕ ಹಾಕಿದ್ದಾರೆ. ಮಾರನೇ ದಿನ ಸಂಜೆಗೆ ಆ ಇಂಜೆಕ್ಷನ್‌ನ ಹೊತ್ತು ಮುಗಿದಿತ್ತು, ನಿಜ. ಆದರೆ ಹೊತ್ತಿಗೆ ಸರಿಯಾಗಿ ಹೋದವರೆಲ್ಲ ಎದ್ದು ನಡೆಯುವುದಿಲ್ಲ. ನಿಮ್ಮ ಅತ್ತೆಯದು ಯಾವ ಬಗೆಯ ಲಕ್ವ ಅಂತ ಕಾಗದದಲ್ಲಿ ಇಲ್ಲ. ಹಾಗಾಗಿ ‘ನಡೀತಿದ್ರು’ ಅಂತ ಯಾರೂ ಹೇಳಲಾರರು. ಹಾಗಂತ ಯಾರಾದರೂ ಹೇಳಿ ನಿಮ್ಮನ್ನು ಚುಚ್ಚಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ತಡ ಮಾಡಿದ್ದು ನೀವೊಬ್ಬರೇ ಅಲ್ಲ. ನನ್ನ ಅಪ್ಪನಿಗೆ ಆದದ್ದು ಬೆಂಗಳೂರಲ್ಲಿ, ಬೆಳಗಿನ ಜಾವ. ಒಳ್ಳೆ ಆಸ್ಪತ್ರೆ ನಾಲ್ಕು ಕಿಲೋಮೀಟರ್ ದೂರದಲ್ಲೇ ಇತ್ತು. ಬಾಯಿ ಒಂದು ಕಡೆ ವಾಲಿತ್ತು, ಮಾತು ತೊದಲುತ್ತಿತ್ತು. ಸುಸ್ತಾಗಿರಬೇಕು ಅಂತ ಕಾಫಿ ಕುಡಿಸಿ ಮಲಗಿಸಿದೆವು. ಬೆಳಕಾಗಲಿ ಅಂದುಕೊಂಡೆವು. ಲಕ್ವ ಆದಾಗ ನುಂಗುವ ಶಕ್ತಿಯೂ ಹೋಗಿರಬಹುದು, ಕುಡಿಸಿದ್ದು ಶ್ವಾಸಕೋಶಕ್ಕೆ ಇಳಿಯಬಹುದು ಅಂತ ಓದಿ ಪತ್ರಿಕೆ ನಡೆಸುವ ನಮಗೂ ಗೊತ್ತಿರಲಿಲ್ಲ.

ಯಾಕೆ ಹೀಗೆ? ಪಾಂಡಿಯನ್ ಅವರ ತಂಡ ಲುಧಿಯಾನದಲ್ಲಿ ಜನರನ್ನು ಕೇಳಿ 2005ರಲ್ಲಿ ಒಂದು ವರದಿ ಬರೆದಿತ್ತು. ಲಕ್ವ ಆದಾಗ ಪೆಟ್ಟು ಬೀಳುವುದು ಮೆದುಳಿಗೆ ಅಂತ ನೂರಕ್ಕೆ 45 ಜನರಿಗೆ ಗೊತ್ತಿರಲಿಲ್ಲ. ನಮ್ಮ ಮಾತನ್ನೇ ನೋಡಿ. ‘ಕೈಕಾಲು ಬಿತ್ತು’ ಅನ್ನುತ್ತೇವೆ. ಪಾರ್ಶ್ವವಾಯು ಅನ್ನುವ ಹೆಸರಲ್ಲೂ ಮಗ್ಗುಲಿದೆ, ವಾಯು ಇದೆ, ಮೆದುಳಿಲ್ಲ. ಕೈಕಾಲಿನ ಕಾಯಿಲೆ ಅಂದುಕೊಂಡವರು ಕೈಕಾಲಿಗೆ ಎಣ್ಣೆ ತಿಕ್ಕುತ್ತಾರೆ, ರಕ್ತ ಹಚ್ಚುತ್ತಾರೆ. ಅದು ದಡ್ಡತನ ಅಲ್ಲ ಅಕ್ಕಾ, ಕಣ್ಣಿಗೆ ಕಂಡದ್ದಕ್ಕೆ ಮದ್ದು ಮಾಡುವುದು. ಎದೆ ಹಿಡಿದುಕೊಂಡರೆ ಯಾರೂ ಎದೆಗೆ ಎಣ್ಣೆ ತಿಕ್ಕುತ್ತಾ ರಾತ್ರಿ ಕಳೆಯುವುದಿಲ್ಲ, ಕಾರು ಹುಡುಕುತ್ತಾರೆ. ಲಕ್ವಕ್ಕೂ ಹಾಗೇ ಓಡಬೇಕು. ಬಾಯಿ ವಾಲಿತು, ಒಂದು ಕೈ ಎತ್ತಲು ಆಗುತ್ತಿಲ್ಲ, ಮಾತು ತೊದಲುತ್ತಿದೆ ಅಂದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ, ಸಿ.ಟಿ. ಇರುವ ಆಸ್ಪತ್ರೆಗೇ ಕರೆದೊಯ್ಯಲು ಹೇಳಬೇಕು.

‘ಇದೆಲ್ಲ ದೊಡ್ಡ ಊರಿನವರಿಗೆ, ನಮ್ಮಂಥವರಿಗಲ್ಲ’ ಅಂತ ನೀವು ಸಿಟ್ಟಿನಿಂದ ಬರೆದಿದ್ದೀರಿ. ಸಿಟ್ಟು ಸರಿ, ಆದರೆ ಪೂರ್ತಿ ಹಾಗಲ್ಲ. ಅಸ್ಸಾಂನ ತೇಜ್‌ಪುರದಲ್ಲಿ ಬ್ಯಾಪ್ಟಿಸ್ಟ್ ಕ್ರಿಶ್ಚಿಯನ್ ಆಸ್ಪತ್ರೆ ಅಂತ ಒಂದಿದೆ. ನರರೋಗ ತಜ್ಞರಿಲ್ಲದಿದ್ದರೂ ಅಲ್ಲಿ ಸಾಮಾನ್ಯ ವೈದ್ಯರು, ನರ್ಸುಗಳೇ ತರಬೇತಿ ಪಡೆದು ಲಕ್ವದ ವಾರ್ಡು ನಡೆಸಿದರು. ಆ ಕೆಲಸದ ಹಿಂದೆಯೂ ಪಾಂಡಿಯನ್ ಇದ್ದರು. ಅಂಥ ವಾರ್ಡಿನಲ್ಲಿ ಮಾಡುವುದು ಮಾಯಮಂತ್ರ ಅಲ್ಲ. ನೀರು ಕೊಡುವ ಮುಂಚೆ ನುಂಗಲು ಆಗುತ್ತಾ ಅಂತ ನೋಡುವುದು, ಜ್ವರ ಮತ್ತು ಶುಗರ್ ಹದದಲ್ಲಿಡುವುದು, ಬೆನ್ನಿಗೆ ಹುಣ್ಣಾಗದ ಹಾಗೆ ಮಗ್ಗುಲು ಬದಲಿಸುವುದು, ಸ್ಥಿತಿ ನೋಡಿಕೊಂಡು ಬೇಗ ಎಬ್ಬಿಸಿ ಕೂರಿಸುವುದು. ಇಷ್ಟನ್ನು ತಪ್ಪದೆ ಮಾಡಿದರೆ ಎಷ್ಟೋ ಜೀವ ಉಳಿಯುತ್ತವೆ. ನಮ್ಮಲ್ಲೂ ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ 2022ರಲ್ಲಿ ಮೆದುಳಿನ ಆರೋಗ್ಯದ ಯೋಜನೆ ಶುರುಮಾಡಿದೆ. ಒಳ್ಳೆಯದು. ಆದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಇದ್ದಾರಾ, ಅವರು ಹಳ್ಳಿಗೆ ಬರುತ್ತಾರಾ ಅಂತ ನಾವು ಪತ್ರಿಕೆಯವರು ಕೇಳುತ್ತಲೇ ಇರಬೇಕು. ಮುಂದಿನ ಸಂಚಿಕೆಯಿಂದ ಕೇಳುತ್ತೇವೆ. ತಲೆಬರಹದ ತಪ್ಪನ್ನೂ ಈ ಸಂಚಿಕೆಯ ಎರಡನೇ ಪುಟದಲ್ಲಿ ತಿದ್ದಿ ಹಾಕಿದ್ದೇವೆ.

ಕೊನೆಗೆ ನೀವು ಬರೆದ ಒಂದು ಸಣ್ಣ ವಿಷಯ. ಎಡಗೈ ಹಿಡಿದು ಎಬ್ಬಿಸುವಾಗ ಅತ್ತೆ ಚೀರುತ್ತಾರೆ ಅಂದಿರಿ. ಬಿದ್ದ ಕೈಯನ್ನು ಹಿಡಿದು ಎಳೆಯಬೇಡಿ ಅಕ್ಕಾ, ಕಂಕುಳಿಗೆ ಕೈ ಹಾಕಿಯೂ ಎತ್ತಬೇಡಿ. ಸ್ನಾಯು ಸೋತಿರುವುದರಿಂದ ಭುಜದ ಕೀಲು ಸಡಿಲ ಆಗಿರುತ್ತದೆ, ಎಳೆದಷ್ಟೂ ನೋವು ಜಾಸ್ತಿ. ಬೆನ್ನ ಹಿಂದೆ ಭುಜದ ಮೂಳೆಗೆ ಒಂದು ಕೈ, ಸೊಂಟಕ್ಕೆ ಇನ್ನೊಂದು ಕೈ ಕೊಟ್ಟು ಮುಂದಕ್ಕೆ ಬಾಗಿಸಿ ಎಬ್ಬಿಸಿ. ಕೂತಾಗ ಆ ಕೈ ಜೋತು ಬೀಳದ ಹಾಗೆ ಕೆಳಗೆ ದಿಂಬು ಇಡಿ. ಬಿ.ಪಿ. ಮಾತ್ರೆ ಒಂದು ದಿನವೂ ತಪ್ಪಿಸಬೇಡಿ. ಜಿಲ್ಲಾಸ್ಪತ್ರೆಗೆ ಹೋದಾಗ ಫಿಸಿಯೋಥೆರಪಿಸ್ಟ್‌ಗೆ ಆ ಭುಜವನ್ನು ಒಮ್ಮೆ ತೋರಿಸಿ. ಏನಂದರು ಅಂತ ನನಗೆ ಬರೆಯಿರಿ.