ಸೋಗೆ ತೆಗೆಯದ ಕಬ್ಬು

ಮಂಡ್ಯದ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರ ಪತ್ರ: ‘ಕಳೆದ ಸಂಚಿಕೆಯಲ್ಲಿ 24 ಪುಟದ ಮಕ್ಕಳ ಚಿತ್ರಪುಸ್ತಕಕ್ಕೆ ಎರಡು ಪುಟದ ವಿಮರ್ಶೆ! ನನ್ನ ಗೆಳೆಯರ 400 ಪುಟದ ಕಾದಂಬರಿಗೆ ಸಾದರ ಸ್ವೀಕಾರದ ಪಟ್ಟಿಯಲ್ಲಿ ಒಂದೇ ಸಾಲು. 200 ಪದವೂ ಇಲ್ಲದ ಪುಸ್ತಕದಲ್ಲಿ ವಿಮರ್ಶೆ ಮಾಡಲು ಏನಿದೆ? ಬೆಲೆ ಬೇರೆ 150 ರೂಪಾಯಿ.’

ಮೇಷ್ಟ್ರೇ, ಬೆಲೆಯ ಮಾತು ನಿಜ, ಒಪ್ಪಿದೆ. ಆದರೆ ‘ಏನಿದೆ’ ಅಂದಿರಲ್ಲ, ಅದು ಎರಡು ರಾತ್ರಿ ಕಾಡಿತು.

ಹಿಂದೊಮ್ಮೆ ಮದ್ದೂರಿನ ಹತ್ತಿರದ ಶಾಲೆಯೊಂದಕ್ಕೆ ಪುಸ್ತಕ ಹೊತ್ತು ಹೋಗಿದ್ದೆ. ಅದರಲ್ಲೊಂದರ ಬಗ್ಗೆ ನಾನೇ ‘ಕಥೆ ನೀತಿಯುಕ್ತವಾಗಿದೆ, ಚಿತ್ರಗಳೂ ಸೊಗಸಾಗಿವೆ’ ಎಂದು ಬರೆದಿದ್ದೆ. ಮೂರನೇ ತರಗತಿಯ ಹುಡುಗಿಯೊಬ್ಬಳು ಆಲೆಮನೆಗೆ ಹೊರಟ ಗಾಡಿಯ ಮೇಲೆ ಬೆರಳಿಟ್ಟು, ‘ಸೋಗೆ ತಗೀದಂಗೆ ಕಬ್ಬು ತುಂಬವ್ರೆ ಸಾ’ ಅಂದಳು. ಸೋಗೆಯೆಂದರೆ ಕಬ್ಬಿನ ಗರಿ. ಪಕ್ಕದ ಹುಡುಗ, ‘ಎತ್ಗೆ ಮೂಗುದಾರಾನೇ ಇಲ್ಲ’ ಅಂದ. ನೀತಿ ಏನೆಂದು ಇಬ್ಬರೂ ಕೇಳಲಿಲ್ಲ. ವಿಮರ್ಶೆ ಬರೆದ ನನಗೆ ಇವೆರಡೂ ಕಂಡಿರಲಿಲ್ಲ.

ಅಕ್ಷರ ಬಾರದ ಮಗುವಿಗೆ ಮಾತು ದೊಡ್ಡವರ ಬಾಯಿಂದ ಬರುತ್ತದೆ. ಅದು ತಾನಾಗಿ ಓದುವುದು ಚಿತ್ರವನ್ನೇ. ಈ ಪುಟದಲ್ಲಿ ಹುಲಿಯ ಬಾಲವಷ್ಟೇ ತೋರಿಸಿ, ಹಾಳೆ ಮಗುಚಿದಾಗ ಇಡೀ ಹುಲಿ ಎದುರಾಗುವಂತೆ ಮಾಡಿದ್ದಾರೆಯೇ? ಮುಖವೊಂದು ನಡುಮಡಿಕೆಯ ಪಿನ್ನಿಗೆ ಸಿಕ್ಕಿಕೊಂಡಿದೆಯೇ? ‘ಪುಟ್ಟಿಗೆ ಭಯವೇ ಇಲ್ಲ’ ಎಂದು ಮಾತು ಹೇಳುವಾಗ ಚಿತ್ರದಲ್ಲಿ ಪುಟ್ಟಿಯ ಕೈ ಅಜ್ಜಿಯ ಸೆರಗು ಹಿಡಿದಿದೆಯೇ? ಇಷ್ಟು ನೋಡಲು ಎರಡು ಪುಟ ಸಾಲದು ಮೇಷ್ಟ್ರೇ.

ಅಚ್ಚಿನ ಕಷ್ಟವೂ ಗೊತ್ತು. ನಾಲ್ಕು ಬಣ್ಣದಲ್ಲಿ ಸಾವಿರ ಪ್ರತಿ ಮಾತ್ರ ತೆಗೆದರೆ ಪ್ರತಿಯೊಂದರ ಖರ್ಚು ಏರುತ್ತದೆ. ಹಾಗಾಗಿ ಬಹುಭಾಷಾ ಪ್ರಕಾಶಕರು ಎಲ್ಲ ಭಾಷೆಗೂ ಚಿತ್ರ ಅಚ್ಚುಹಾಕುವ ಬಣ್ಣದ ಪ್ಲೇಟುಗಳನ್ನು ಹಾಗೇ ಇಟ್ಟುಕೊಂಡು ಅಕ್ಷರದ ಕಪ್ಪು ಪ್ಲೇಟನ್ನಷ್ಟೇ ಬದಲಿಸುತ್ತಾರೆ. ಬೆಲೆ ಇಳಿಯುತ್ತದೆ, ಸಂತೋಷ. ಆದರೆ ಇಂಗ್ಲಿಷಿನ ಎರಡು ಸಾಲಿಗೆ ಬಿಟ್ಟ ಜಾಗದಲ್ಲಿ ನಮ್ಮ ಒತ್ತಕ್ಷರಗಳು ಉಸಿರು ಬಿಗಿಹಿಡಿದು ಕೂರಬೇಕು. ಇಲ್ಲೇ ಬರೆಸಿ, ಇಲ್ಲೇ ಚಿತ್ರ ಮಾಡಿಸೋಣವೆಂದರೆ, ಪುಟ ಎಣಿಸಿ ದರ ಕಟ್ಟಿ ಪುಸ್ತಕ ಕೊಳ್ಳುವ ಕಡೆ ತೆಳು ಪುಸ್ತಕಕ್ಕೆ ಸಿಗುವುದೆಷ್ಟು?

ಮೈಸೂರಿನ ಕಾವಾ ಎಂಬ ದೃಶ್ಯಕಲಾ ಕಾಲೇಜಿನಲ್ಲಿ ಕಲಿತ ಹುಡುಗರು ನನ್ನ ಕಚೇರಿಗೆ ಬರುತ್ತಾರೆ. ಅವರಲ್ಲೊಬ್ಬ ಚಿತ್ರ ಬಿಡಿಸಿದ ಪುಸ್ತಕ ಮರುಮುದ್ರಣವಾಯಿತು. ಗೌರವಧನ ಲೇಖಕರಿಗಷ್ಟೇ ಹೋಯಿತು. ಅವನ ಹೆಸರು ಒಳಪುಟದಲ್ಲಿ, ಮುದ್ರಣಾಲಯದ ವಿಳಾಸದ ಮೇಲೆ. ಅಮೆರಿಕದ ಗ್ರಂಥಪಾಲಕರು 1938ರಿಂದ ಕೊಡುತ್ತಿರುವ ಕಾಲ್ಡಿಕಾಟ್ ಪದಕ ಚಿತ್ರಕಾರರಿಗೇ ಸಲ್ಲುತ್ತದೆ. ನಮ್ಮ ಕೇಂದ್ರ ಸಾಹಿತ್ಯ ಅಕಾಡೆಮಿ 2010ರಲ್ಲಿ ಶುರುಮಾಡಿದ ಬಾಲಸಾಹಿತ್ಯ ಪುರಸ್ಕಾರ ಬರೆದವರಿಗೆ. ಬರೆದವರಿಗೆ ಬೇಡವೆಂದಲ್ಲ, ಬಿಡಿಸಿದವರಿಗೂ ಬೇಕು.

ನೋಡುವುದನ್ನು ಓದು ಎಂದು ನಾವು ಎಣಿಸಿಯೇ ಇಲ್ಲ. ಸೋಮನಾಥಪುರದ ಕೇಶವ ದೇವಾಲಯದ ಸುತ್ತ 13ನೇ ಶತಮಾನದ ಶಿಲ್ಪಿಗಳು ರಾಮಾಯಣ, ಮಹಾಭಾರತಗಳನ್ನು ಪಟ್ಟಿಪಟ್ಟಿಯಾಗಿ ಕೆತ್ತಿದ್ದಾರೆ. ನಕ್ಷತ್ರದಂಥ ಗೋಡೆಯ ಒಂದೊಂದು ಮೂಲೆ ತಿರುಗಿದಾಗಲೂ ಹಾಳೆ ಮಗುಚಿದ ಹಾಗೆ ಕಥೆ ಮುಂದಕ್ಕೆ ಹೋಗುತ್ತದೆ. ಮಕ್ಕಳನ್ನು ಬಸ್ಸು ತುಂಬ ಅಲ್ಲಿಗೆ ಒಯ್ದು, ಕಟ್ಟಿಸಿದವರ ಹೆಸರು, ಇಸವಿ ಬರೆಸಿಕೊಂಡು ವಾಪಸು ಕರೆತರುತ್ತೇವೆ.

ನಿಮ್ಮ ಗೆಳೆಯರ ಕಾದಂಬರಿಗೆ ಮುಂದಿನ ತಿಂಗಳು ಜಾಗವಿದೆ. ಆ ಚಿತ್ರಪುಸ್ತಕವನ್ನು ನಿಮಗೆ ಅಂಚೆಗೆ ಹಾಕಿದ್ದೇನೆ. ಇಷ್ಟು ವರ್ಷ ಮಕ್ಕಳ ನಡುವೆ ಇದ್ದವರು ನೀವು. ನೆರೆಮನೆಯ ಮಗುವಿನ ಕೈಗಾದರೂ ಕೊಟ್ಟು, ಅದು ಯಾವ ಪುಟ ಬಿಟ್ಟು ಮುಂದೆ ಹೋಗಲಿಲ್ಲ ಎಂದು ಬರೆದು ಕಳಿಸಿ. ಎರಡು ಪುಟ ನಿಮಗೇ ಕೊಡುತ್ತೇನೆ.