ಒಟಾನಿ ಸಂಬಳ: ತೆರಿಗೆಯ ಲೆಕ್ಕಕ್ಕೆ 20 ಲಕ್ಷ ಅಲ್ಲ

ನಮಸ್ಕಾರ. ಬೇಸ್‌ಬಾಲ್ ಆಟಗಾರ ಶೋಹೇಯ್ ಒಟಾನಿ ವರ್ಷಕ್ಕೆ 20 ಲಕ್ಷ ಡಾಲರ್ ಮಾತ್ರ ಪಡೆಯುವುದರಿಂದ ಅವರ ಡಾಡ್ಜರ್ಸ್ ತಂಡದ ಐಷಾರಾಮಿ ತೆರಿಗೆಗೂ (ಆಟಗಾರರ ಒಟ್ಟು ಸಂಬಳ ಅಮೆರಿಕದ ಬೇಸ್‌ಬಾಲ್ ಲೀಗ್ ಹಾಕಿದ ಮಿತಿ ಮೀರಿದರೆ ತಂಡ ಕಟ್ಟಬೇಕಾದ ಹಣ) ಅಷ್ಟೇ ಲೆಕ್ಕವೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ.

2023ರ ಡಿಸೆಂಬರ್‌ನಲ್ಲಿ ಆದ ಒಪ್ಪಂದ 10 ವರ್ಷಕ್ಕೆ 70 ಕೋಟಿ ಡಾಲರ್. ಅದರಲ್ಲಿ 68 ಕೋಟಿ ಅವರ ಕೈಸೇರುವುದು 2034ರಿಂದ 2043ರವರೆಗೆ, ಅದೂ ಬಡ್ಡಿಯಿಲ್ಲದೆ. ಹತ್ತು ವರ್ಷ ಬಿಟ್ಟು ಬರುವ ದುಡ್ಡು ಇಂದಿನ ದುಡ್ಡಿಗೆ ಸಮವಲ್ಲವಲ್ಲ! ಹಾಗಾಗಿ ಲೀಗ್ ಅದಕ್ಕೆ ಇಂದಿನ ಬೆಲೆ ಕಟ್ಟಿ, ವರ್ಷಕ್ಕೆ ಸುಮಾರು 4.6 ಕೋಟಿ ಎಂದು ತಂಡದ ಲೆಕ್ಕಕ್ಕೆ ಹಾಕುತ್ತದೆ. 2024ರ ತೆರಿಗೆ ಮಿತಿಯೇ 23.7 ಕೋಟಿ, ಹೆಚ್ಚುಕಡಿಮೆ ಐದನೇ ಒಂದು ಪಾಲು ಒಬ್ಬರಿಗೇ ಹೋಯಿತು.

ತಂಡಕ್ಕೆ ನಿಜವಾದ ಅನುಕೂಲ ಕೈಯಲ್ಲಿ ಉಳಿಯುವ ನಗದು. ಅದೇ ತಿಂಗಳು ಪಿಚರ್ (ಚೆಂಡು ಎಸೆಯುವ ಆಟಗಾರ) ಯೋಶಿನೊಬು ಯಮಮೊಟೊ ಅವರನ್ನು 12 ವರ್ಷಕ್ಕೆ 32.5 ಕೋಟಿ ಕೊಟ್ಟು ಕರೆತಂದರು. ಹಾಗೆಂದು ಮುಂದೂಡಿದ ಹಣವನ್ನು ಮರೆತು ಕೂರುವಂತಿಲ್ಲ, ನಿಯಮದಂತೆ ಅದಕ್ಕಾಗಿ ಮೊದಲೇ ಹಣ ತೆಗೆದಿಡಬೇಕು. ಹಣ ಮುಂದೂಡುವ ಈ ಯೋಚನೆ ಒಟಾನಿ ಅವರದ್ದೇ ಎಂಬುದು ನನಗೆ ಇಂದಿಗೂ ಬಹಳ ಮೆಚ್ಚುಗೆಯ ಸಂಗತಿ.

ತಂಡದ ಸಂಬಳಗಳ ನಿಮ್ಮ ಪಟ್ಟಿಯಲ್ಲಿ ಒಟಾನಿ ಹೆಸರಿನ ಮುಂದಿನ 20 ಲಕ್ಷ ಹೊಡೆದುಹಾಕಿ 4.6 ಕೋಟಿ ಬರೆದು, ಇನ್ನೊಮ್ಮೆ ಕೂಡಿ ನೋಡಿ.