ವಿಪಿಎನ್ ಆಮೇಲೆ, ಮೊದಲು ನಿಮ್ಮ ಸಿಮ್ ಎಲ್ಲಿರುತ್ತದೆ ಹೇಳಿ

ತಿಂಗಳ ಮಟ್ಟಿಗೆ ಯೂರೋಪಿಗೆ ಹೊರಟಿದ್ದೀರಿ, ನಡುವೆ ಒಂದು ಯುಎಫ್‌ಸಿ (ಪಂಜರದೊಳಗೆ ನಡೆಯುವ ಮಿಶ್ರ ಕಾಳಗ) ಪಂದ್ಯ ಬರುತ್ತದೆ, ಅದನ್ನು ತೋರಿಸುವ ಆ್ಯಪಿನ ಇಲ್ಲಿಯ ಚಂದಾ ಅಲ್ಲಿ ನಡೆಯಬೇಕಾದರೆ ಯಾವ ವಿಪಿಎನ್ (ನೀವು ಬೇರೆ ದೇಶದಲ್ಲಿರುವಂತೆ ತೋರಿಸುವ ಸೇವೆ) ಒಳ್ಳೆಯದು ಎಂದು ಕೇಳಿದ್ದೀರಿ. 2023ರ ಅಕ್ಟೋಬರಿನಲ್ಲಿ ನಾನೂ ಇದನ್ನೇ ಸಿಕ್ಕಸಿಕ್ಕವರನ್ನೆಲ್ಲ ಕೇಳಿದ್ದೆ. ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದರು. "ನಿನ್ನ ಸಿಮ್ ಎಲ್ಲಿಟ್ಟು ಹೋಗುತ್ತೀ?" ಎಂದು ಮಾತ್ರ ಯಾರೂ ಕೇಳಲಿಲ್ಲ.

ನಾನು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ವಾಲ್ವ್ ತಯಾರಿಸುವ ಕಾರ್ಖಾನೆಯೊಂದರಲ್ಲಿದ್ದೇನೆ. ಹೊಸ ಯಂತ್ರದ ತರಬೇತಿಗೆಂದು ಮೂರು ವಾರ ಸ್ಟುಟ್‌ಗಾರ್ಟಿಗೆ ಕಳಿಸಿದರು. ಅದೇ ಹೊತ್ತಿಗೆ, ಅಕ್ಟೋಬರ್ 21ರ ಶನಿವಾರ, ಅಬುಧಾಬಿಯಲ್ಲಿ ಯುಎಫ್‌ಸಿ 294. ಮುಖ್ಯ ಪಂದ್ಯ ಇಸ್ಲಾಂ ಮಖಚೇವ್ ಮತ್ತು ಅಲೆಕ್ಸಾಂಡರ್ ವೋಲ್ಕನೋವ್‌ಸ್ಕಿ ನಡುವೆ. ಆದರೆ ನನ್ನ ಕಣ್ಣಿದ್ದದ್ದು ಅದರ ಮೇಲಲ್ಲ. ಅದೇ ಸಂಜೆ, ಮೊದಲಿನ ಪಂದ್ಯಗಳಲ್ಲಿ, ಉತ್ತರಾಖಂಡದ ಅಂಶುಲ್ ಜುಬ್ಲಿ ಆಡುವವನಿದ್ದ. ಆ ವರ್ಷ ಫೆಬ್ರುವರಿಯಲ್ಲಿ 'ರೋಡ್ ಟು ಯುಎಫ್‌ಸಿ' ಎಂಬ ಆಯ್ಕೆ ಪಂದ್ಯಾವಳಿ ಗೆದ್ದು ಒಳಗೆ ಬಂದವನು. ಅವನಿಗಿಂತ ಮೊದಲು ನಮ್ಮವನೆಂದು ಆ ಪಂಜರದೊಳಗೆ ಕಾಲಿಟ್ಟವನು ಭರತ್ ಕಂಡಾರೆ, 2017ರಲ್ಲಿ, ಶಾಂಘೈನಲ್ಲಿ. ಒಂದು ಪಂದ್ಯ, ಒಂದು ಸೋಲು. ಹೀಗಿರುವಾಗ ಜುಬ್ಲಿಯ ಪಂದ್ಯವನ್ನು ಮರುದಿನ ತುಣುಕಿನಲ್ಲಿ ನೋಡುವ ಮಾತೇ ಇರಲಿಲ್ಲ.

ಇನ್ನೊಂದು ಕಾರಣ ನಮ್ಮ ಕಾಕಾ. ಅವರು ಅಣ್ಣಿಗೇರಿಯಲ್ಲಿರುತ್ತಾರೆ. ವಯಸ್ಸಿನಲ್ಲಿ ಗರಡಿಯ ಮಣ್ಣಿನಲ್ಲಿ ಬೆಳೆದವರು, ಸುತ್ತಲಿನ ಜಾತ್ರೆಗಳಲ್ಲಿ ಜಂಗೀ ನಿಕಾಲಿ ಕುಸ್ತಿ ಹಿಡಿದವರು. ಪಂಜರದ ಕಾಳಗ ಎಂದರೆ ಪುಂಡರ ಬಡಿದಾಟ ಎಂದೇ ಬಹಳ ವರ್ಷ ನಂಬಿದ್ದರು. ಒಮ್ಮೆ ನಾನೇ ಕೂರಿಸಿ ರಷ್ಯಾದ ದಾಗೆಸ್ತಾನದವನೊಬ್ಬನ ಪಂದ್ಯ ತೋರಿಸಿದೆ. ಎದುರಾಳಿಯ ಸೊಂಟ ಹಿಡಿದು, ಕಾಲಿಗೆ ಕಾಲು ಕೊಟ್ಟು, ತೂಕವನ್ನೆಲ್ಲ ಒಂದು ಪಕ್ಕಕ್ಕೆ ಹಾಕಿ ಕೆಡವಿದ್ದನ್ನು ನೋಡಿ ಕಾಕಾ ಎದ್ದು ಟೀವಿಯ ಹತ್ತಿರ ಹೋದರು. "ಇವನು ಮಣ್ಣು ತಿಂದ ಹುಡುಗ" ಎಂದರು. ಅಂದಿನಿಂದ ಪ್ರತಿ ಪಂದ್ಯ ಇಬ್ಬರೂ ಕೂಡಿಯೇ ನೋಡುವುದು. ಜರ್ಮನಿಗೆ ಹೊರಟಾಗ ಮಾತಾಗಿತ್ತು: ನಾನು ಅಲ್ಲಿ, ಅವರು ಇಲ್ಲಿ, ಫೋನ್ ಹಚ್ಚಿಟ್ಟುಕೊಂಡು ಒಂದೇ ಹೊತ್ತಿಗೆ ನೋಡುವುದು.

ಈಗ ನನ್ನ ತಪ್ಪಿನ ಮಾತು. ಇದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಮಾಡುವಾಗ ಅದು ತಪ್ಪಿನಂತೆ ಕಾಣಲೇ ಇಲ್ಲ. ಬಹಳ ಜಾಣತನದ ಕೆಲಸದಂತೆ ಕಂಡಿತ್ತು.

ಹೊರಡುವ ವಾರವೇ ಹೊಸ ಫೋನ್ ಕೊಂಡೆ. ಅಲ್ಲಿಯ ಇಂಟರ್‌ನೆಟ್ಟಿಗೆ ಪ್ರವಾಸಿಗರ ಇ-ಸಿಮ್ ಹಾಕಿಸಿಕೊಂಡೆ. ರೋಮಿಂಗ್‌ನಲ್ಲಿ ಸಾವಿರಾರು ರೂಪಾಯಿ ಕತ್ತರಿಸುತ್ತಾರೆ ಎಂಬ ಅಂಜಿಕೆ ಒಂದು ಕಡೆ, ಗಿರಾಕಿಗಳ ಕರೆ ತಪ್ಪಬಾರದೆಂಬ ಕಾಳಜಿ ಇನ್ನೊಂದು ಕಡೆ. ಹಾಗಾಗಿ ನನ್ನ ಹುಬ್ಬಳ್ಳಿಯ ಸಿಮ್ ತೆಗೆದು ಅಪ್ಪನ ಕೀಪ್ಯಾಡ್ ಫೋನಿನ ಎರಡನೆಯ ಜಾಗದಲ್ಲಿ ಹಾಕಿದೆ. ತೆಗೆಯುವ ಮೊದಲು ವಾಟ್ಸ್‌ಆ್ಯಪ್ ಹೊಸ ಫೋನಿಗೆ ತಂದುಕೊಂಡಿದ್ದೆ. ಸಿಮ್ ತೆಗೆದ ಮೇಲೂ ಅದು ನಡೆಯಿತು, ಕರೆ ಹೋಯಿತು, ಚಿತ್ರ ಬಂತು. ನನ್ನನ್ನು ಮೋಸಗೊಳಿಸಿದ್ದೇ ಅದು. ಒಂದು ನಡೆದರೆ ಎಲ್ಲವೂ ನಡೆಯುತ್ತದೆ ಎಂದುಕೊಂಡೆ. ಪಂದ್ಯ ನೋಡುವ ಆ್ಯಪ್ ಹೊಸ ಫೋನಿನಲ್ಲಿ ಇಳಿದಿತ್ತು, ತೆರೆದು ಲಾಗಿನ್ ಆಗಿರಲಿಲ್ಲ. ಬ್ಯಾಂಕಿನ ಆ್ಯಪ್ ಕೂಡ ಇಳಿದಿತ್ತು, ನೋಂದಣಿ ಆಗಿರಲಿಲ್ಲ. ಎರಡೂ ಪರದೆಯ ಮೇಲೆ ಸಾಲಾಗಿ ಕಾಣುತ್ತಿದ್ದವು. ಕಂಡರೆ ಇದ್ದಂತೆಯೇ ಎಂದು ವಿಮಾನ ಹತ್ತಿದೆ.

ಅಬುಧಾಬಿಯ ಪಂದ್ಯಗಳು ನಮ್ಮ ರಾತ್ರಿ ಏಳೂವರೆಗೆ ಶುರು, ಜರ್ಮನಿಯಲ್ಲಿ ಸಂಜೆ ನಾಲ್ಕು. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಹೋಟೆಲಿನ ಕೋಣೆಯಲ್ಲಿ ಕುಳಿತೆ. ಇಷ್ಟು ಜನರನ್ನು ಕೇಳಿ ಕೊಂಡ ವಿಪಿಎನ್ ಮೊದಲ ಒತ್ತಿಗೇ ಸಿಕ್ಕಿತು. ಆ್ಯಪ್ ನನ್ನನ್ನು ಭಾರತದಲ್ಲಿಯೇ ಇರುವವನೆಂದು ನಂಬಿತು. ನಂಬಿ, ಭಾರತದ ನಂಬರಿಗೆ ಒಟಿಪಿ ಕಳಿಸಿತು.

ಅವ್ವನಿಗೆ ಕರೆ ಮಾಡಿದೆ. ಅದು ನವರಾತ್ರಿ. ಓಣಿಯ ಗುಡಿಯಲ್ಲಿ ಸಂಜೆ ದೇವಿ ಪುರಾಣ. ಅಪ್ಪ ಅಲ್ಲಿಗೆ ಹೋಗಿದ್ದರು, ನನ್ನ ಸಿಮ್ ಅವರ ಅಂಗಿಯ ಕಿಸೆಯಲ್ಲಿ, ಪುರಾಣಕ್ಕೆ ಅಡ್ಡಿಯಾಗಬಾರದೆಂದು ಫೋನ್ ಬಂದ್. ಅವ್ವ ಹೋಗಿ ಕರೆತರೋಣವೆಂದರೆ ಮನೆಯಲ್ಲಿ ಘಟ ಕೂರಿಸಿದೆ, ಒಂಬತ್ತು ದಿನ ದೀಪ ಆರಬಾರದು, ದೀಪ ಬಿಟ್ಟು ಏಳುವಂತಿಲ್ಲ. ಪಕ್ಕದ ಮನೆಯ ಹುಡುಗನನ್ನು ಓಡಿಸಿದರು. ಅಪ್ಪ ಬಂದು ಫೋನ್ ಚಾಲೂ ಮಾಡುವಷ್ಟರಲ್ಲಿ ಮೊದಲ ಒಟಿಪಿಯ ಅವಧಿ ಮುಗಿದಿತ್ತು. ಎರಡನೆಯದು ಕಳಿಸಿದೆ. ಬರಲಿಲ್ಲ. ಮೂರನೆಯದು. ಅದೂ ಬರಲಿಲ್ಲ. ಫೋನಿನ ಮೇಲ್ತುದಿಯಲ್ಲಿ ಒಂದು ಸಣ್ಣ ಲಕೋಟೆ ಮಿನುಗುತ್ತಿದೆ ಎಂದು ಅಪ್ಪ ಹೇಳಿದಾಗ ಹೊಳೆಯಿತು: ಸಂದೇಶದ ಪೆಟ್ಟಿಗೆ ತುಂಬಿದೆ. ಜಾಹೀರಾತು, ರೀಚಾರ್ಜಿನ ನೆನಪೋಲೆ, ಗ್ಯಾಸ್ ಬುಕಿಂಗ್, ಎಷ್ಟೋ ತಿಂಗಳಿನ ಕಸ. ಹೊಸ ಸಂದೇಶಕ್ಕೆ ಜಾಗವೇ ಇಲ್ಲ. ಅಪ್ಪ ಕನ್ನಡಕ ಏರಿಸಿಕೊಂಡು ಒಂದೊಂದನ್ನೇ ಅಳಿಸತೊಡಗಿದರು. ಪ್ರತಿಯೊಂದಕ್ಕೂ ಆ ಫೋನ್ "ಅಳಿಸಲೇ?" ಎಂದು ಕೇಳುತ್ತದೆ, ಪ್ರತಿಯೊಂದಕ್ಕೂ ಅಪ್ಪ ಒಮ್ಮೆ ಗುಂಡಿ ಒತ್ತಬೇಕು. ಆ ಗುಂಡಿಯ ಟಕ್ ಟಕ್ ಸದ್ದು ಅವ್ವನ ಫೋನಿನ ಮೂಲಕ ಸ್ಟುಟ್‌ಗಾರ್ಟಿನವರೆಗೆ ಕೇಳುತ್ತಿತ್ತು. ಕೊನೆಗೆ ಬಂದ ಸಂಖ್ಯೆಯನ್ನು ಹಾಕಿದೆ. ಬಹಳ ಸಲ ಪ್ರಯತ್ನಿಸಿದ್ದೀರಿ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಎಂದು ಬಾಗಿಲು ಮುಚ್ಚಿತು.

ಅಪ್ಪ ಗುಂಡಿ ಒತ್ತುತ್ತಿದ್ದಾಗ ನಾನೂ ಸುಮ್ಮನೆ ಕುಳಿತಿರಲಿಲ್ಲ. ಜರ್ಮನಿಯಲ್ಲಿಯೇ ದುಡ್ಡು ಕೊಟ್ಟು ನೋಡಿಬಿಡೋಣ ಎಂದು ಕಾರ್ಡ್ ತೆಗೆದೆ. ವಿದೇಶಿ ಬಳಕೆ ಬಂದ್ ಆಗಿತ್ತು. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದು ಬರುತ್ತವೆ, ಹೊರಗಿನದ್ದನ್ನು ನಾವೇ ತೆರೆದುಕೊಳ್ಳಬೇಕು. ತೆರೆಯುವುದು ಬ್ಯಾಂಕಿನ ಆ್ಯಪಿನಲ್ಲಿ. ಆ ಆ್ಯಪ್ ಹೊಸ ಫೋನಿನಲ್ಲಿ ತೆರೆಯಬೇಕಾದರೆ ಅದೇ ಫೋನಿನೊಳಗಿನ ಸಿಮ್‌ನಿಂದ ಒಂದು ಸಂದೇಶ ಹೊರಗೆ ಹೋಗಬೇಕು. ಇಲ್ಲಿ ಅಪ್ಪ ಸಂಖ್ಯೆ ಓದಿ ಹೇಳಿದರೂ ಪ್ರಯೋಜನವಿಲ್ಲ, ಸಿಮ್ಮೇ ಫೋನಿನಲ್ಲಿರಬೇಕು. ಇದು ನಿಮಗೆ ಚೆನ್ನಾಗಿ ತಿಳಿಯಲೆಂದು ಮತ್ತೆ ಹೇಳುತ್ತೇನೆ. ಒಟಿಪಿ ಎಂದರೆ ಸಿಮ್ ಮನೆಯಲ್ಲಿದ್ದರೂ ಯಾರಾದರೂ ಓದಿ ಹೇಳಿಯಾರು. ಬ್ಯಾಂಕಿನ ನೋಂದಣಿಗೆ ಆ ದಾರಿಯೂ ಇಲ್ಲ. ನನ್ನ ಸಿಮ್ ಹಳೇ ಹುಬ್ಬಳ್ಳಿಯಲ್ಲಿತ್ತು, ನಾನು ಸ್ಟುಟ್‌ಗಾರ್ಟಿನಲ್ಲಿದ್ದೆ. ವಿಪಿಎನ್ ಮಾತ್ರ ಹಸಿರು ದೀಪ ತೋರಿಸುತ್ತ ಒಳ್ಳೆಯ ಸ್ಥಿತಿಯಲ್ಲಿತ್ತು.

ಅಷ್ಟರಲ್ಲಿ ಕಾಕಾ ಕರೆ ಮಾಡಿದರು. "ತಮ್ಮಾ, ಹುಡುಗ ಒಳಗೆ ಬಂದ. ಕಾಣುತ್ತಿದೆಯೇ?"

"ಇಲ್ಲ ಕಾಕಾ. ನೀವೇ ಹೇಳಿ."

ಅವರು ಹೇಳಿದರು. ಕುಸ್ತಿಯ ಮಾತಿನಲ್ಲಿಯೇ ಹೇಳಿದರು. ಕೈ ಎಲ್ಲಿದೆ, ಕಾಲು ಎಲ್ಲಿದೆ, ಯಾರು ಹಿಂದೆ ಸರಿಯುತ್ತಿದ್ದಾರೆ. ಎರಡನೆಯ ಸುತ್ತು ಮುಗಿದಾಗ ಸ್ವಲ್ಪ ತಡೆದು, "ದಮ್ಮು ಸಾಲದು ಅನಿಸುತ್ತಿದೆ" ಎಂದರು. ಮೂರನೆಯ ಸುತ್ತಿನ ನಡುವೆ ಅವರ ಮಾತು ನಿಂತಿತು. ಎದುರಾಳಿ ಮೈಕ್ ಬ್ರೀಡನ್‌ನ ಹೊಡೆತಕ್ಕೆ ಜುಬ್ಲಿ ಬಿದ್ದಿದ್ದ. ನಾನು ಹೋಟೆಲಿನ ಮಂಚದ ತುದಿಯಲ್ಲಿ ಕುಳಿತು, ಕಾಕಾನ ಟೀವಿಯಲ್ಲಿ ಜನ ಕೂಗುವ ಸದ್ದನ್ನು ಕೇಳಿದೆ. ಆಮೇಲೆ ಆ ಪಂದ್ಯವನ್ನು ಎಷ್ಟು ಸಲ ನೋಡಿದರೂ ಅಂದು ನೋಡಲಿಲ್ಲವೆಂಬುದು ಹೋಗಲಿಲ್ಲ.

ಏಳು ಗಂಟೆಗೆ ಊಟಕ್ಕಿಳಿದಾಗ ತರಬೇತಿಯ ಜರ್ಮನ್ ಸಹೋದ್ಯೋಗಿ ಸಿಕ್ಕ. ಮುಖ ನೋಡಿ ಏನಾಯಿತೆಂದು ಕೇಳಿದ. ಹೇಳಿದೆ. ಅವನು ಅಲ್ಲಿಯ ಸೇವೆಗೆ ತಿಂಗಳ ಚಂದಾ ಕಟ್ಟಿದವನು. ಅವನ ಮನೆ ಹೋಟೆಲಿನಿಂದ ಎರಡು ಟ್ರಾಮ್ ನಿಲ್ದಾಣ ದೂರ. ಮಧ್ಯಾಹ್ನ ಒಂದು ಮಾತು ಕೇಳಿದ್ದರೆ ಜುಬ್ಲಿಯ ಪಂದ್ಯವೂ ಅಲ್ಲಿಯೇ ಸಿಗುತ್ತಿತ್ತು. ಎಂಟಕ್ಕೆ ಅವನ ಸೋಫಾ ಮೇಲೆ ಕುಳಿತು ಮುಖ್ಯ ಪಂದ್ಯಗಳನ್ನು ನೋಡಿದೆ. ಮಖಚೇವ್ ಮೊದಲ ಸುತ್ತಿನಲ್ಲಿಯೇ ತಲೆಗೆ ಒದ್ದು ಕೆಡವಿದ. ಕುಸ್ತಿಯವನು ಕಾಲಿನಿಂದ ಮುಗಿಸಿದ್ದು ಕಾಕಾನಿಗೆ ಅಷ್ಟು ಹಿಡಿಸಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಯಾವ ವಿಪಿಎನ್ ಕೂಡ ಬೇಡ. ನೀವು ಪ್ರಶ್ನೆಯನ್ನೇ ತಪ್ಪು ತುದಿಯಿಂದ ಹಿಡಿದಿದ್ದೀರಿ. ಪ್ರಸಾರದ ಹಕ್ಕು ದೇಶದಿಂದ ದೇಶಕ್ಕೆ ಬೇರೆ ಬೇರೆಯಾಗಿ ಮಾರಾಟವಾಗುತ್ತದೆ. ಅಮೆರಿಕದಲ್ಲಿ 2025ರ ಕೊನೆಯವರೆಗೆ ದೊಡ್ಡ ಪಂದ್ಯಗಳಿಗೆ ಇಎಸ್‌ಪಿಎನ್ ಪ್ಲಸ್‌ನ ಚಂದಾದ ಮೇಲೆ ಪ್ರತಿ ಸಲ 80 ಡಾಲರಿನ ಹತ್ತಿರ ಕೊಡಬೇಕಿತ್ತು. 2026ರಿಂದ ಅವು ಪ್ಯಾರಾಮೌಂಟ್ ಪ್ಲಸ್‌ನ ಚಂದಾದಲ್ಲಿಯೇ ಸೇರಿದವು. ಯೂರೋಪಿನ ಒಕ್ಕೂಟದೊಳಗೆ ಮನೆ ಇರುವವರಿಗೆ 2018ರ ಏಪ್ರಿಲ್‌ನಿಂದ ಒಂದು ಅನುಕೂಲವಿದೆ: ಜರ್ಮನಿಯವನು ಸ್ಪೇನಿಗೆ ಹೋದರೂ ಅವನು ಹಣ ಕೊಟ್ಟ ಚಂದಾ ಅವನ ಜೊತೆಗೆ ಹೋಗುತ್ತದೆ. ನಮಗೆ ಅದು ಅನ್ವಯಿಸುವುದಿಲ್ಲ. ನಮ್ಮ ಚಂದಾ ನಮ್ಮ ಗಡಿಯಲ್ಲಿಯೇ ನಿಲ್ಲುತ್ತದೆ. ಹಾಗಾದರೆ ಆ ದೇಶದಲ್ಲಿ ಹಕ್ಕು ಯಾರ ಬಳಿ ಇದೆ ಎಂದು ನೋಡಿ, ಅವರಿಗೆ ಒಂದು ತಿಂಗಳ ಹಣ ಕೊಡಿ. ಇಲ್ಲವೇ ಅಲ್ಲಿಯವರ ಜೊತೆ ಕುಳಿತು ನೋಡಿ.

ವಿಪಿಎನ್ ಬಗ್ಗೆ ಒಂದು ಮಾತು ಹೇಳಿ ಬಿಡುತ್ತೇನೆ. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದಲ್ಲಿ ವಿಪಿಎನ್ ಕಂಪನಿಗಳು ಗ್ರಾಹಕರ ವಿವರವನ್ನು ಐದು ವರ್ಷ ಇಟ್ಟುಕೊಳ್ಳಬೇಕೆಂದಿತು. ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್‌ನಂಥವು ಇಲ್ಲಿಯ ಸರ್ವರ್‌ಗಳನ್ನೇ ತೆಗೆದವು. ಪಟ್ಟಿಯಲ್ಲಿ 'ಇಂಡಿಯಾ' ಎಂದು ಕಂಡರೂ ಯಂತ್ರ ಸಿಂಗಪುರದಲ್ಲಿಯೋ ಬೇರೆಲ್ಲಿಯೋ ಇರಬಹುದು. ಮೇಲಾಗಿ ಒಂದೇ ವಿಳಾಸದಿಂದ ಸಾವಿರಾರು ಜನ ಬರುವುದನ್ನು ಕಂಡರೆ ಪ್ರಸಾರಕರು ಆ ವಿಳಾಸವನ್ನೇ ಮುಚ್ಚುತ್ತಾರೆ, ಅದೂ ದೊಡ್ಡ ಪಂದ್ಯದ ದಿನವೇ. ಚಂದಾದ ಕರಾರಿಗೂ ಅದು ಸಾಮಾನ್ಯವಾಗಿ ವಿರುದ್ಧ. ಆ ಹಗ್ಗ ಹಿಡಿದು ಬಾವಿಗೆ ಇಳಿಯಬೇಡಿ.

ನಿಮ್ಮ ಸಿಮ್ ನಿಮ್ಮ ಫೋನಿನಲ್ಲಿಯೇ ಇರಲಿ. ಹೊರಡುವ ಮೊದಲು ರೋಮಿಂಗ್ ತೆರೆಸಿ, ಆ ಸಿಮ್‌ನ ಡೇಟಾ ಮಾತ್ರ ಬಂದ್ ಮಾಡಿ. ಒಳಬರುವ ಸಂದೇಶಕ್ಕೆ ಸಾಮಾನ್ಯವಾಗಿ ಹಣ ಕತ್ತರಿಸುವುದಿಲ್ಲ, ನಿಮ್ಮ ಕಂಪನಿಯಲ್ಲಿ ಒಮ್ಮೆ ಕೇಳಿಕೊಳ್ಳಿ. ಕಾರ್ಡಿನ ವಿದೇಶಿ ಬಳಕೆಯನ್ನು ಹುಬ್ಬಳ್ಳಿಯಲ್ಲಿರುವಾಗಲೇ ತೆರೆಯಿರಿ. ಫೋನ್ ಬದಲಿಸುವುದಿದ್ದರೆ ತಿಂಗಳ ಮೊದಲು ಬದಲಿಸಿ, ಎಲ್ಲ ಆ್ಯಪ್‌ಗಳನ್ನೂ ತೆರೆದು ಒಳಗೆ ಹೋಗಿ ನೋಡಿ. ಹೊರಗಿನಿಂದ ಚಿತ್ರ ಕಂಡರೆ ಸಾಲದು. ವೇಳೆಯನ್ನೂ ನೋಡಿಕೊಳ್ಳಿ: ಅಕ್ಟೋಬರಿನ ಕೊನೆಯ ಭಾನುವಾರ ಯೂರೋಪಿನ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ, ಅಮೆರಿಕದ್ದು ನವೆಂಬರಿನ ಮೊದಲ ಭಾನುವಾರ. ನಡುವಿನ ಆ ವಾರದಲ್ಲಿ ಅಮೆರಿಕದ ಪಂದ್ಯವಿದ್ದರೆ ಬೆರಳು ಮಡಿಚಿ ಎರಡು ಸಲ ಎಣಿಸಿ.

ನಾನು ಮತ್ತೆ ಅದೇ ಊರಿಗೆ ಹೋದದ್ದು 2025ರ ಮಾರ್ಚ್‌ನಲ್ಲಿ. 22ರ ಶನಿವಾರ ಲಂಡನ್ನಿನಲ್ಲಿ ಪೂಜಾ ತೋಮರ್ ಪಂದ್ಯ. ಹಿಂದಿನ ವರ್ಷ ಜೂನ್‌ನಲ್ಲಿ ಅಮೆರಿಕದ ಲೂಯಿವಿಲ್‌ನಲ್ಲಿ ಗೆದ್ದು ನಮ್ಮ ಹೆಣ್ಣುಮಗಳೊಬ್ಬಳು ಅಲ್ಲಿಯವರೆಗೆ ಹೋಗಬಲ್ಲಳೆಂದು ತೋರಿಸಿದವಳು. ಈ ಸಲ ಸಿಮ್ ಫೋನಿನಲ್ಲಿತ್ತು. ಎರಡು ದಿನ ಮೊದಲೇ ಅಲ್ಲಿಯ ಚಂದಾ ಕೊಂಡು, ಹಳೆಯ ಪಂದ್ಯವೊಂದನ್ನು ಹತ್ತು ನಿಮಿಷ ಓಡಿಸಿ ನೋಡಿದ್ದೆ. ಶನಿವಾರ ಕಾಕಾನಿಗೆ ಕರೆ ಹಚ್ಚಿ, ಫೋನನ್ನು ದಿಂಬಿಗೆ ಆನಿಸಿಟ್ಟೆ.

ಇಂಟರ್‌ನೆಟ್ಟಿನ ಪ್ರಸಾರ ಟೀವಿಗಿಂತ ಅರ್ಧ ನಿಮಿಷ ಹಿಂದಿರುತ್ತದೆ ಎಂಬುದು ಅಂದು ಅನುಭವಕ್ಕೆ ಬಂತು. ಎರಡನೆಯ ಸುತ್ತು. ನನ್ನ ಪರದೆಯ ಮೇಲೆ ಪೂಜಾ ಇನ್ನೂ ಆಡುತ್ತಿದ್ದಳು. ದಿಂಬಿನ ಪಕ್ಕದಿಂದ ಕಾಕಾ "ಕೈ! ಕೈ ಎಳೆದುಕೋ ತಾಯಿ!" ಎಂದು ಕೂಗಿ ಸುಮ್ಮನಾದರು. ನಾನು ಪರದೆ ನೋಡುತ್ತ ಕುಳಿತೆ. ಎದುರಾಳಿ ಶೌನಾ ಬ್ಯಾನನ್ ಅವಳ ಕೈಯನ್ನು ಹಿಡಿದು ಹಿಂದಕ್ಕೆ ಒರಗಿದ್ದು ನನಗೆ ಕಂಡದ್ದು ಆಮೇಲೆ.